ಗಂಟೆ ಕಟ್ಟಿದ ಹೋತ

ಸ್ಕೂಟರಿನಲ್ಲಿ ಹುಳಿಯಾರಿಗೆ ಹೋಗುತ್ತಿದ್ದೆ. ರಸ್ತೆ ತುಂಬ ಕುರಿ. ಸೈನ್ಯ ಬಿಟ್ಟು ಬಂದರೂ ಹುಕುಂ ಕೂಗುವ ಚಟ ಬಿಟ್ಟಿಲ್ಲವಲ್ಲ, ಇಳಿದು ಕೈ ಬೀಸಿ "ಹೋಯ್, ಎಡಕ್ಕೆ!" ಅಂದೆ. ಅರ್ಧ ಮಂದೆ ಪಕ್ಕದ ತೆಂಗಿನ ತೋಟಕ್ಕೆ ನುಗ್ಗಿ, ಮರಗಳ ನಡುವೆ ಆಗಷ್ಟೇ ಮೊಳೆತಿದ್ದ ಹುರುಳಿಗೆ ಬಾಯಿ ಹಾಕಿತು.

"ಸುಮ್ಕಿರ್ರೀ!" ಹಿಂದಿನಿಂದ ಕುರಿ ಕಾಯುವ ಅಜ್ಜ ಸಿಡುಕಿದ. "ಇಬ್ರು ಕೂಗಿದ್ರೆ ಅವು ಯಾರ ಮಾತು ಕೇಳ್ಬೇಕು?"

ನಾಲಿಗೆಯಲ್ಲಿ ಒಂದೇ ಒಂದು ಸದ್ದು ಮಾಡಿದ. ಮುಂದಿದ್ದ, ಕೊರಳಿಗೆ ಗಂಟೆ ಕಟ್ಟಿದ ಹೋತ ತಿರುಗಿತು. ಗಂಟೆಯ ಸದ್ದಿನ ಹಿಂದೆಯೇ ಮಂದೆಯೆಲ್ಲ ರಸ್ತೆಗೆ ಬಂತು.

ನನಗೆ ನಾಚಿಕೆಯಾಯಿತು. ನಮ್ಮ ಜನರಲ್ ಸಾಹೇಬರೂ ಇದೇ ಮಾತು ಹೇಳುತ್ತಿದ್ದರು. ಒಮ್ಮೆ ಮರುಭೂಮಿಯ ಸಮರಾಭ್ಯಾಸದಲ್ಲಿ ಇಬ್ಬರು ಅಧಿಕಾರಿಗಳು ವೈರ್‌ಲೆಸ್ಸಿನಲ್ಲಿ ಬೇರೆಬೇರೆ ಹುಕುಂ ಕೊಟ್ಟು, ಇಡೀ ಬ್ರಿಗೇಡ್ ಧೂಳಿನಲ್ಲಿ ನಿಂತುಬಿಟ್ಟಿತ್ತು. ಅಜ್ಜನಿಗೆ ಅದನ್ನು ಹೇಳುತ್ತಾ ಹೇಳುತ್ತಾ ಹಳೆಯ ಬೆಳಗುಗಳೆಲ್ಲ ಕಣ್ಮುಂದೆ ಬಂದವು. ಒಂದೇ ದನಿಗೆ ಸಾವಿರಾರು ಜನ, ನೂರಾರು ಗಾಡಿ ಒಟ್ಟಿಗೆ ಕದಲುತ್ತಿದ್ದವು.

"ಅಷ್ಟು ಜನಕ್ಕೂ ನೀವೇ ಹೇಳ್ತಿದ್ರಾ?"

"ಇಲ್ಲ ಕಣಜ್ಜ. ಸಾಹೇಬ್ರು ಹೇಳೋರು. ನಾನು ವೈರ್‌ಲೆಸ್ಸಲ್ಲಿ ಅದನ್ನೇ ಎಲ್ರಿಗೂ ಮುಟ್ಟಿಸ್ತಿದ್ದೆ."

ಅಜ್ಜ ಹೋತದ ಕಡೆ ನೋಡಿ, "ಅಂಗಾದ್ರೆ ನೀವು ಗಂಟೆ ಕಣ್ರೀ" ಅಂದ.

ನನ್ನ ಅಷ್ಟು ವರ್ಷದ ನೌಕರಿಯನ್ನು ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ. ಹೋತದ ಗಂಟೆ ದೂರವಾಗಿ ಕೇಳದಾಗುವವರೆಗೂ ಸ್ಕೂಟರ್ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಈಗ ಈ ಗಂಟೆಗೆ ನಮ್ಮನೆ ಕೋಳಿಗಳೂ ತಿರುಗಿ ನೋಡುವುದಿಲ್ಲ.