ಚಿಮಣಿಗೆ ಕಿವಿಯಿಟ್ಟವರು

ಅವರ ಎಡಗಿವಿಯ ಮೇಲಂಚಿನಲ್ಲಿ ಹುಣಸೆಬೀಜದಷ್ಟು ಅಗಲದ ಸುಟ್ಟ ಕಲೆಯಿತ್ತು. ಅಲ್ಲಿ ಚರ್ಮ ಮೇಣದಂತೆ ನುಣುಪಾಗಿ, ಬೆಳಕು ಬಿದ್ದರೆ ಹೊಳೆಯುತ್ತಿತ್ತು. ಕಾದ ಚಿಮಣಿಗೆ ಕಿವಿಯಿಟ್ಟು ಕೇಳುವ ಚಟ ಅವರದು. ಒಮ್ಮೆ ಮೈಮರೆತು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇಟ್ಟಿದ್ದರಂತೆ.

ಬಳ್ಳಾರಿಯ ನಮ್ಮ ಕಚೇರಿಯಲ್ಲಿ ಅವರು ಅಟೆಂಡರ್ ಆಗಿದ್ದರು. ಕಾರ್ಖಾನೆಗಳ ಹೊಗೆಯನ್ನು ಅಳೆದು, ಮಿತಿ ಮೀರಿದವರಿಗೆ ನೋಟಿಸು ಕೊಡುವ ಕಚೇರಿ ಅದು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ದಿನಾ ಸಿರಿಗೇರಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಹುದ್ದೆಯ ಪ್ರಕಾರ ಅವರ ಕೆಲಸ ಫೈಲು ಹೊರುವುದು, ಚಹಾ ತರುವುದು. ಆದರೆ ಚಿಮಣಿ ಹತ್ತುವ ದಿನ ಬಂತೆಂದರೆ ಅವರಿಲ್ಲದೆ ಜೀಪು ಹೊರಡುತ್ತಿರಲಿಲ್ಲ.

ಹೊಗೆ ಅಳೆಯಬೇಕಾದರೆ ಕಬ್ಬಿಣದ ಏಣಿ ಹಿಡಿದು ಚಿಮಣಿಯ ನಡುಮೈಗೆ ಹತ್ತಬೇಕು. ಅಲ್ಲಿರುವ ತೂತಿನೊಳಗೆ ಉದ್ದನೆಯ ಕೊಳವೆ ತೂರಿಸಿ ಕಾಯಬೇಕು. ಕೊಳವೆಯ ಬಾಯಿಗೆ ಬೆರಳುದ್ದದ ಬಿಳಿ ಕಾಗದದ ಚೀಲವಿರುತ್ತದೆ. ಅದರಲ್ಲಿ ಉಳಿದ ದೂಳನ್ನು ತೂಗಿದರೆ ಲೆಕ್ಕ ಸಿಗುತ್ತದೆ. ನಾನು ಇಂಜಿನಿಯರಾಗಿ ಸೇರಿದ ಹೊಸದರಲ್ಲಿ ಹತ್ತು ಮೆಟ್ಟಿಲು ಹತ್ತಿ, ಅಂಗೈ ಬೆವತು, ಅಲ್ಲೇ ಅಂಟಿಕೊಂಡು ನಿಂತುಬಿಟ್ಟಿದ್ದೆ. ನನ್ನ ಕೆಳಗೇ ಬರುತ್ತಿದ್ದ ಕಾಕಾ ಅವಸರ ಮಾಡಲಿಲ್ಲ. “ಕೆಳಗ ನೋಡಬ್ಯಾಡ್ರಿ, ಮ್ಯಾಲೂ ನೋಡಬ್ಯಾಡ್ರಿ. ಮುಂದಿನ ಮೆಟ್ಲು ಒಂದ ನೋಡ್ರಿ” ಎಂದರು. ಅವತ್ತಿನಿಂದ ನಾನು ಹಾಗೇ ಹತ್ತುತ್ತಿದ್ದೇನೆ.

ಹತ್ತುವ ಮುಂಚೆ ಅವರು ಚಿಮಣಿಯ ಬುಡಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದರು. “ಒಳಗ ಯಾರದಾರ ಕೇಳಬೇಕಲ್ರೀ” ಎನ್ನುತ್ತಿದ್ದರು. ಅದು ನಗಿಸಲು ಹೇಳಿದ ಮಾತಲ್ಲ. ಅದಿರಿನಿಂದ ಕಬ್ಬಿಣ ತೆಗೆಯುವ ಸ್ಪಾಂಜ್ ಐರನ್ ಕಾರ್ಖಾನೆಗಳಲ್ಲಿ ಹೊಗೆ ಹೊರಬೀಳುವ ಮುನ್ನ ಮನೆಯಷ್ಟು ದೊಡ್ಡ ತಗಡಿನ ಪೆಟ್ಟಿಗೆಯನ್ನು ಹಾಯಬೇಕು. ಒಳಗೆ ಸಾಲುಸಾಲು ತಗಡುಗಳಿರುತ್ತವೆ. ವಿದ್ಯುತ್ತಿನ ಬಲದಿಂದ ದೂಳು ಅವಕ್ಕೆ ಅಂಟಿಕೊಳ್ಳುತ್ತದೆ, ಸುತ್ತಿಗೆಗಳು ಆಗಾಗ ಬಡಿದು ಅದನ್ನು ಕೆಳಗೆ ಉದುರಿಸುತ್ತವೆ. ಪೆಟ್ಟಿಗೆ ಕೆಲಸ ಮಾಡುತ್ತಿದ್ದರೆ ಚಿಮಣಿಯ ಬುಡದಲ್ಲಿ ಜೇನುಗೂಡಿನ ಗುಂಯ್ ಸದ್ದು, ನಡುನಡುವೆ ಟಕ್, ಟಕ್. ಯಾರೋ ಒಳಗಿನಿಂದ ಬಾಗಿಲು ಬಡಿದಂತೆ. ಎಷ್ಟು ಸುತ್ತಿಗೆ ಬಡಿಯುತ್ತಿವೆ, ಎಷ್ಟು ಮಲಗಿವೆ ಎಂದು ಕಾಕಾ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ಒಂದು ಸಲವೂ ತಪ್ಪಿದ್ದನ್ನು ನಾನು ನೋಡಲಿಲ್ಲ.

ಒಂದು ದಿನ ಕುರುಗೋಡು ರಸ್ತೆಯ ಹಳ್ಳಿಯೊಂದರಿಂದ ನಡುವಯಸ್ಸಿನ ಹೆಂಗಸೊಬ್ಬರು ಬಂದರು. ಜಗಲಿಯ ಮೇಲೆ ಹಾಸಿಟ್ಟಿದ್ದ ಬಿಳಿ ಪಂಚೆಯನ್ನು ಮಡಚಿ ತಂದು ನನ್ನ ಮೇಜಿನ ಮೇಲೆ ಬಿಚ್ಚಿದರು. ಪಂಚೆಯ ತುಂಬ ಕಾಡಿಗೆಯಂಥ ಕಪ್ಪು, ಅದರ ನಡುವೆ ಬೆಕ್ಕಿನ ಹೆಜ್ಜೆಗಳು. ಬೆಳಗ್ಗೆ ಏಳುವ ಹೊತ್ತಿಗೆ ಮನೆಯೆಲ್ಲ ಹೀಗಿರುತ್ತದೆ, ಊರ ಪಕ್ಕದ ಕಾರ್ಖಾನೆಯದೇ ದೂಳು ಎಂದು ಅವರ ದೂರು.

ಆ ಕಾರ್ಖಾನೆಯ ಚಿಮಣಿಗೆ ಆನ್‌ಲೈನ್ ಮಾಪಕವಿತ್ತು. ಅದರ ಅಂಕಿ ನೇರವಾಗಿ ನಮ್ಮ ಕಚೇರಿಯ ಪರದೆಗೆ ಬರುತ್ತಿತ್ತು. ನಾನು ತೆರೆದು ತೋರಿಸಿದೆ. ಮಿತಿಗಿಂತ ಕೆಳಗೇ ಒಂದಂಕಿ ಏರುತ್ತ ಒಂದಂಕಿ ಇಳಿಯುತ್ತ, ಹಗಲೂ ರಾತ್ರಿ ಅದು ನಿದ್ದೆಯಲ್ಲಿರುವವರ ಎದೆಯಂತೆ ಮೆಲ್ಲಗೆ ಆಡುತ್ತಿತ್ತು. ‘ಹೊಗೆ ಮಿತಿಯೊಳಗಿದೆ, ದೂರಿನಲ್ಲಿ ಹುರುಳಿಲ್ಲ’ ಎಂದು ಉತ್ತರ ಬರೆದು ಸಹಿ ಹಾಕಿ ಕಳಿಸಿದೆ. ಆ ಹೆಂಗಸು ಪಂಚೆ ಮಡಚಿಕೊಂಡು ಹೋದರು. ಬಾಗಿಲ ಬಳಿ ನಿಂತಿದ್ದ ಕಾಕಾ ಮೇಜಿನ ಮೇಲೆ ಉದುರಿದ್ದ ಕಪ್ಪನ್ನು ಒರೆಸುತ್ತ, “ಕಂಪ್ಯೂಟರಿಗೆ ಕೆಮ್ಮು ಬರಂಗಿಲ್ಲ ನೋಡ್ರಿ, ಮೇಡಮ್ಮಾರ” ಎಂದಷ್ಟೇ ಹೇಳಿದರು.

ಆಮೇಲೆ ಹದಿನೈದು ದಿನವಾಗಿರಬೇಕು. ಚಳಿಗಾಲದ ಬೆಳಗ್ಗೆ ಬೇರೆ ಕೆಲಸಕ್ಕೆ ಕುರುಗೋಡಿಗೆ ಹೊರಟಿದ್ದೆವು. ದಾರಿಯುದ್ದಕ್ಕೂ ಮಂಜು, ಎದುರಿನ ಲಾರಿಗಳು ಹತ್ತಿರ ಬಂದ ಮೇಲೇ ಕಾಣುತ್ತಿದ್ದವು. ಕಾಕಾ ಆ ಕಾರ್ಖಾನೆಯ ಮುಂದೆ ಜೀಪು ನಿಲ್ಲಿಸಲು ಡ್ರೈವರಿಗೆ ಹೇಳಿದರು. ಯಾಕೆಂದು ಕೇಳಿದೆ. “ಸಪ್ಪಳ ಇಲ್ರೀ” ಎಂದರು.

ಗೇಟಿನಲ್ಲಿ ಕಾವಲುಗಾರನೊಬ್ಬನೇ ಇದ್ದ. ಕುಲುಮೆ ಕೆಟ್ಟು ಮೂರು ದಿನವಾಯಿತು, ಕೂಲಿಗಳೆಲ್ಲ ಊರಿಗೆ ಹೋಗಿದ್ದಾರೆ, ಸಾಹೇಬರು ಹತ್ತು ಗಂಟೆಗೆ ಬರುತ್ತಾರೆ ಎಂದ. ನಾವು ಒಳಗೆ ನಡೆದೆವು. ಬೇವಿನ ಗಿಡಗಳ ಎಲೆಯೂ ಕಪ್ಪು, ನೆಲವೂ ಕಪ್ಪು. ಹೆಜ್ಜೆಯಿಟ್ಟರೆ ಸದ್ದಿಲ್ಲ, ಬೂದಿಯಲ್ಲಿ ಕಾಲು ಮೆತ್ತಗೆ ಇಳಿಯುತ್ತಿತ್ತು. ಕಾಕಾ ಚಿಮಣಿಗೆ ಕಿವಿಯಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ನನಗೂ ಇಡಲು ಕೈಸನ್ನೆ ಮಾಡಿದರು. ಕಬ್ಬಿಣ ಬಾವಿಯ ನೀರಿನಂತೆ ಕೊರೆಯುತ್ತಿತ್ತು. ಒಳಗೆ ಏನೂ ಇರಲಿಲ್ಲ.

ಕಂಟ್ರೋಲ್ ರೂಮಿನ ಬಾಗಿಲು ತೆರೆದೇ ಇತ್ತು. ಕುರ್ಚಿ ಖಾಲಿ, ಮೇಜಿನ ಮೇಲೆ ಕೆನೆಗಟ್ಟಿದ ಹಳೆಯ ಚಹಾ. ಪರದೆ ಮಾತ್ರ ಉರಿಯುತ್ತಿತ್ತು. ಅದರ ಮೇಲೆ ಚಿಮಣಿಯ ಅಂಕಿ ಒಂದು ಏರಿತು, ಒಂದು ಇಳಿಯಿತು, ಮತ್ತೆ ಏರಿತು. ನಾನು ಕಚೇರಿಗೆ ಫೋನು ಮಾಡಿದೆ. ಅಲ್ಲಿದ್ದ ಸಹೋದ್ಯೋಗಿ, ಅಲ್ಲಿಯೂ ಅದೇ ಅಂಕಿ ಬರುತ್ತಿದೆ, ಕಾರ್ಖಾನೆ ಚೆನ್ನಾಗಿ ನಡೆಯುತ್ತಿದೆ, ಎಲ್ಲ ಮಿತಿಯೊಳಗಿದೆ ಎಂದರು. ಫೋನು ಹಿಡಿದೇ ನಿಂತೆ. ಬೆನ್ನ ಹಿಂದೆ ಕಾಕಾ ಪಿಸುಗುಟ್ಟಿದಂತೆ ಹೇಳಿದರು: “ಇದು ಸತ್ತು ಮೂರು ದಿನ ಆಗೇತಿ, ಮೇಡಮ್ಮಾರ. ಉಸುರು ಯಾರದಿದು?”

ಅವರೊಬ್ಬರೇ ಚಿಮಣಿ ಹತ್ತಿದರು. ಸ್ವಲ್ಪ ಹೊತ್ತಿಗೆ ಮಂಜು ಅವರನ್ನು ನುಂಗಿತು. ಏಣಿಯ ಮೇಲಿನ ಬೂಟಿನ ಸದ್ದಷ್ಟೇ ಇಳಿದು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಕೆಳಗೆ ಬಂದು, ಮಾಪಕದ ವೈರು ಕಡಿದಿದೆ, ತುದಿಗೆ ಪ್ಲಾಸ್ಟಿಕ್ ಸುತ್ತಿದ್ದಾರೆ, ಅದರ ಮೇಲೆ ಜೇಡ ಬಲೆ ಕಟ್ಟಿದೆ ಎಂದರು. ಪರದೆಯ ಅಂಕಿ ಚಿಮಣಿಯದಲ್ಲ, ಕಂಪ್ಯೂಟರೇ ಹುಟ್ಟಿಸಿದ್ದು. ದೂಳು ಹಿಡಿಯುವ ಪೆಟ್ಟಿಗೆಯ ಸುತ್ತಿಗೆಗಳಿಗೂ ತುಕ್ಕು ಕೂತಿತ್ತು. ಅಪಾಯದ ಹೊತ್ತಿಗೆಂದು ಅಲ್ಲಿ ಇನ್ನೊಂದು ಗಿಡ್ಡ ಚಿಮಣಿಯಿರುತ್ತದೆ. ಅದರ ಮುಚ್ಚಳ ಎತ್ತಿದರೆ ಹೊಗೆ ಪೆಟ್ಟಿಗೆಗೆ ಹೋಗದೆ ನೇರ ಆಕಾಶಕ್ಕೆ ಹೋಗುತ್ತದೆ. ಆ ಇಡೀ ಆವರಣದಲ್ಲಿ ತುಕ್ಕು ಹಿಡಿಯದ ವಸ್ತು ಒಂದೇ: ಆ ಮುಚ್ಚಳ ಎತ್ತುವ ಸರಪಳಿ. ದಿನಾ ಎಳೆದು ಎಳೆದು ಬೆಳ್ಳಿಯಂತೆ ಹೊಳೆಯುತ್ತಿತ್ತು.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಸಿಟ್ಟಾಗಲಿಲ್ಲ, ಗಾಬರಿಯೂ ಆಗಲಿಲ್ಲ. ಬಹಳ ಮೆಲುದನಿಯಲ್ಲಿ, ಮಾಪಕ ಸ್ವಲ್ಪ ಕೆಟ್ಟಿದೆ, ರಿಪೇರಿ ಮಾಡಿಸುತ್ತೇವೆ ಎಂದರು. ಹೋದ ಸಲ ಎಲ್ಲ ಸರಿಯಿದೆ ಎಂದು ಬರೆದವರು ನೀವೇ ಅಲ್ಲವೇ, ಈಗ ಬೇರೆ ಬರೆದರೆ ಮೊದಲು ಕೇಳುವುದು ನಿಮ್ಮನ್ನೇ ಎಂದೂ ಸೇರಿಸಿ ಕೈಮುಗಿದರು.

ಜೀಪಿನಲ್ಲಿ ಕೂತ ಮೇಲೆ ಆ ಮಾತು ನನ್ನೊಳಗೆ ಕೆಲಸ ಮಾಡತೊಡಗಿತು. ‘ಮಾಪಕ ದುರಸ್ತಿಯಲ್ಲಿದೆ’ ಎಂದು ಒಂದು ಸಾಲು ಬರೆದರೆ ಸುಳ್ಳೂ ಆಗುವುದಿಲ್ಲ, ನನ್ನ ಸಹಿಯೂ ಉಳಿಯುತ್ತದೆ. ಪೆನ್ನು ತೆಗೆದಿದ್ದೆ. ಅದನ್ನು ಗಮನಿಸಿದ ಕಾಕಾ ಅಲ್ಲಿಯವರೆಗೆ ಯಾರಿಗೂ ಹೇಳದ್ದನ್ನು ಹೇಳಿದರು. ಹರೆಯದಲ್ಲಿ ಅವರು ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಬಾಯ್ಲರಿಗೆ ಹೊಟ್ಟು ಹಾಕುತ್ತಿದ್ದರು. ಮಂಜಿದ್ದ ಬೆಳಗ್ಗೆ ಬೂದಿಯ ಬಾಗಿಲು ತೆರೆದು ಒಳಗಿನ ಬೂದಿಯನ್ನು ಗಾಳಿಗೆ ಬಿಟ್ಟುಬಿಡು, ಯಾರಿಗೂ ಕಾಣುವುದಿಲ್ಲ ಎಂದು ಮಾಲೀಕರ ಅಪ್ಪಣೆ. ಅವರು ತೆರೆಯುತ್ತಿದ್ದರು. ಹಾಗೊಂದು ಬೆಳಗ್ಗೆ, ಗಿರಣಿಯ ಹಿಂದಿನ ಓಣಿಯಲ್ಲಿ ಆಡುತ್ತಿದ್ದ ಮಗುವಿನ ಕಣ್ಣಿಗೆ ಬೂದಿ ಬಿತ್ತು.

“ಒಂದು ಕಣ್ಣು ಹೋತ್ರಿ. ಬಾಗ್ಲ ತಗದಾಂವ ಯಾರಂತ ಯಾರೂ ಕೇಳಲಿಲ್ಲ. ಇವತ್ತಿನತನಕ ಕೇಳಿಲ್ಲ. ಕೇಳಿದ್ರ ಹೇಳಬೇಕಂತ ಕುಂತೀನಿ.” ನನ್ನ ಪೆನ್ನಿನ ಕಡೆ ಬೊಟ್ಟು ಮಾಡಿ, “ನಿಮ್ದು ಮದ್ಲ ಬರೀರಿ, ತಾಯಿ. ಆಮ್ಯಾಲ ಅವರದು” ಎಂದರು.

ಬರೆದೆ. ಸ್ಥಳಕ್ಕೆ ಹೋಗದೆ, ಪರದೆ ನಂಬಿ ಉತ್ತರ ಕೊಟ್ಟಿದ್ದೆ ಎಂಬುದೇ ಮೊದಲ ಸಾಲು. ನನಗೆ ಕಾರಣ ಕೇಳಿ ನೋಟಿಸು ಬಂತು. ಕಾರ್ಖಾನೆಗೆ ಬಾಗಿಲು ಮುಚ್ಚುವ ಆದೇಶ ಹೋಯಿತು. ಪೆಟ್ಟಿಗೆಯ ತಗಡುಗಳನ್ನೆಲ್ಲ ಹೊಸದಾಗಿ ಹಾಕಿ, ಗಿಡ್ಡ ಚಿಮಣಿಯ ಮುಚ್ಚಳಕ್ಕೆ ಸೀಲು ಬಿದ್ದು, ತೆರೆದರೆ ನಮಗೆ ತಿಳಿಯುವಂಥ ಉಪಕರಣ ಕೂಡಿಸಿದ ಮೇಲೇ ಕುಲುಮೆ ಮತ್ತೆ ಹೊತ್ತಿದ್ದು. ಅವತ್ತು ಕಾಕಾ ಮೇಲಿನಿಂದ ತಂದ ಕಾಗದದ ಚೀಲ ತಿಳಿ ಬೂದುಬಣ್ಣಕ್ಕಿಂತ ಕಪ್ಪಾಗಿರಲಿಲ್ಲ. ಪಂಚೆ ತಂದಿದ್ದ ಹೆಂಗಸಿನ ಮನೆಗೆ ಹೋಗಿ ನಾನು ತಪ್ಪೊಪ್ಪಿಕೊಂಡೆ. ಅವರು ಕೂಡಲು ಚಾಪೆ ಹಾಸಿದರು.

ಮರುವರ್ಷ ಕಾಕಾ ನಿವೃತ್ತರಾದರು. ಅದರ ಮುಂದಿನ ವರ್ಷ ಹಾಸಿಗೆ ಹಿಡಿದರು. ಎದೆಯಲ್ಲಿ ದೂಳು ಕೂತಿದೆ ಎಂದರಂತೆ ಡಾಕ್ಟರು. ನಾನು ಸಿರಿಗೇರಿಗೆ ಹೋದಾಗ ಅವರು ಗೋಡೆಯ ಕಡೆ ಮುಖ ಮಾಡಿ, ಕಿವಿಯನ್ನು ಗೋಡೆಗೆ ಒತ್ತಿಕೊಂಡು ಮಲಗಿದ್ದರು. ವಾರದಿಂದ ಹೀಗೇ, ಏನೋ ಎಣಿಸುತ್ತಾರೆ ಎಂದರು ಅವರ ಹೆಂಡತಿ. ಬಹಳ ಹೊತ್ತಿನ ಮೇಲೆ ಕಾಕಾ ನನ್ನನ್ನು ಗುರುತಿಸಿ, “ಎರಡನೇ ಸಾಲಿಂದು ನಿಂತೈತಿ. ಹೋಗಿ ನೋಡ್ರಿ” ಎಂದರು. ಯಾವುದರದು ಎಂದು ಕೇಳಿದೆ. ಕುರುಗೋಡು ರಸ್ತೆಯದು ಎಂದರು. ಜ್ವರದ ಮಾತು ಅಂದುಕೊಂಡೆ. ಆದರೂ ವಾಪಸು ಬರುವಾಗ ಸುತ್ತು ಹಾಕಿ ಕಾರ್ಖಾನೆಗೆ ಹೋದೆ.

ಎರಡನೇ ಸಾಲಿನ ಸುತ್ತಿಗೆಗಳ ಮೋಟಾರು ಸುಟ್ಟಿತ್ತು. ಯಾರೂ ಮುಚ್ಚಿಟ್ಟಿರಲಿಲ್ಲ, ನಾನು ಹೇಳುವವರೆಗೆ ಅಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ಸಂಜೆಯೊಳಗೆ ಹೊಸ ಮೋಟಾರು ಹಾಕಿಸಿದೆ. ನಿಮಗೆ ಹೇಗೆ ತಿಳಿಯಿತು ಎಂದು ಅಲ್ಲಿಯವರು ಕೇಳಿದ್ದಕ್ಕೆ ಕಾಕಾ ಹೇಳಿದರು ಎಂದೆ.

ಕಾಕಾ ಹೋದರೆಂದು ಅವರ ಹೆಂಡತಿಯ ಫೋನು ಬಂದಾಗ ನಾನು ಸಿರುಗುಪ್ಪದ ಗಿರಣಿಯೊಂದರ ಚಿಮಣಿಯ ಮೇಲಿದ್ದೆ. ಕೊಳವೆ ಒಳಗಿತ್ತು, ಅರ್ಧ ಹೊತ್ತಷ್ಟೇ ಆಗಿತ್ತು. ನಡುವೆ ತೆಗೆದರೆ ಅವತ್ತಿನ ಅಳತೆ ಕೆಡುತ್ತದೆ. ಕಾಕಾ ಇದ್ದಿದ್ದರೆ ಏನೆನ್ನುತ್ತಿದ್ದರೋ ಗೊತ್ತಿತ್ತು. ಹೊತ್ತು ಮುಗಿಯುವವರೆಗೆ ಅಲ್ಲೇ ನಿಂತು, ಚೀಲ ತೆಗೆದು, ಲಕೋಟೆಗೆ ಹಾಕಿ, ಸಹಿ ಮಾಡಿ ಇಳಿದೆ.

ಸಿರಿಗೇರಿ ಮುಟ್ಟುವಷ್ಟರಲ್ಲಿ ಅವರಿಗೆ ಸ್ನಾನ ಮಾಡಿಸಿ, ಹೊಸ ಬಟ್ಟೆ ಹೊದಿಸಿ ಮಲಗಿಸಿದ್ದರು. ಬಾಗಿ ಪಾದ ಮುಟ್ಟಿದೆ. ಕೈ ತೊಳೆಯುವುದನ್ನು ಮರೆತಿದ್ದೆ. ನನ್ನ ಬೆರಳುಗಳ ಮಸಿ ಅವರ ಎರಡೂ ಪಾದಗಳ ಮೇಲೆ ಮೂಡಿತು. ಗಾಬರಿಯಾಗಿ ಕರವಸ್ತ್ರದಿಂದ ಒರೆಸಲು ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದರು.

“ಇರ್ಲಿ ಬಿಡವ್ವಾ” ಎಂದರು.