ಸತ್ತ ಒಂಬತ್ತನ್ನೂ ಬರೆಯಿರಿ ಎಂದವರು

ಹಾಸನ ಜಿಲ್ಲೆಯ ಕೆರೆ ಹೊಳೆಗಳಲ್ಲಿ ಮೂವತ್ತಮೂರು ವರ್ಷಗಳಿಂದ ನಡೆದ ಮೀನುಗಾರಿಕೆಯ ಕೆಲಸವನ್ನು ಬಲ್ಲವರಿಗೆ ಶ್ರೀಮತಿ ನೀಲಾಂಬಿಕೆಯವರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಕೆರೆಗೆ ಮೀನುಮರಿ ಬಿಡಿಸುವುದರಿಂದ ಹಿಡಿದು ಹೊಳೆಗೆ ಸಿಡಿಮದ್ದು ಎಸೆಯುವವರನ್ನು ಬೆನ್ನಟ್ಟುವವರೆಗೆ ಅವರು ಕೈಹಾಕದ ಕೆಲಸವಿಲ್ಲ, ಅವರು ಕಾಲಿಡದ ಕೆರೆಯಂಗಳವಿಲ್ಲ. ಅವರ ನಿವೃತ್ತಿಯ ಈ ಗೌರವಗ್ರಂಥಕ್ಕೆ ಸಹೋದ್ಯೋಗಿಗಳೂ ಮೀನುಗಾರರ ಸಂಘದವರೂ ಅಭಿಮಾನದಿಂದ ಬರೆದಿದ್ದಾರೆ. ನಾನು ಆ ಯಾವ ಸಾಲಿಗೂ ಸೇರಿದವನಲ್ಲ. ಹೊಳೆನರಸೀಪುರದ ಪ್ರೌಢಶಾಲೆಯೊಂದರ ಗಣಿತದ ಮೇಷ್ಟ್ರು ನಾನು. ಭಾನುವಾರ ಬಂತೆಂದರೆ ಗಾಳದ ಕೋಲು ಹಿಡಿದು ಹೇಮಾವತಿಯ ದಂಡೆಯಲ್ಲಿ ಕೂರುವವನು. ಈ ಗ್ರಂಥದ ಲೇಖಕರ ಪೈಕಿ ನೀಲಾಂಬಿಕೆಯವರ ಕಚೇರಿಯ ಮುಂದೆ ನಿಂತು ಅವರಿಗೇ ಧಿಕ್ಕಾರ ಕೂಗಿದವನು ನಾನೊಬ್ಬನೇ ಇರಬೇಕು.

ಗ್ರಂಥದ ಸಂಪಾದಕಿ ರೂಪಶ್ರೀ ನೀಲಾಂಬಿಕೆಯವರ ಕೈಕೆಳಗೆ ಹನ್ನೊಂದು ವರ್ಷ ದುಡಿದವರು. ಅವರು ಫೋನು ಮಾಡಿ ಲೇಖನ ಕೇಳಿದಾಗ, ನನ್ನನ್ನು ಬಿಟ್ಟುಬಿಡಿ, ಮುಖ ತೋರಿಸುವುದಕ್ಕೂ ನಾಚಿಕೆಯಾಗುತ್ತದೆ ಎಂದೆ.

"ಮೇಡಮ್ಮೇ ಹೇಳಿದ್ದು ಸಾರ್. ಯಾರು ಬರೀದಿದ್ರೂ ಪರವಾಗಿಲ್ಲ, ಮೇಷ್ಟ್ರ ಅತ್ರ ಬರೆಸು ಅಂದ್ರು" ಎಂದರು ರೂಪಶ್ರೀ. ಹಾಗಾಗಿ ಬರೆಯುತ್ತಿದ್ದೇನೆ.

ಚನ್ನರಾಯಪಟ್ಟಣದಲ್ಲಿ ಹುಟ್ಟಿ ಬೆಳೆದ ನೀಲಾಂಬಿಕೆಯವರು ೧೯೯೨ರಲ್ಲಿ ಮೀನುಗಾರಿಕೆ ಇಲಾಖೆಗೆ ಸೇರಿದಾಗ, ಹೆಣ್ಣುಮಗಳೊಬ್ಬಳು ಕೆರೆಗೆ ಇಳಿದು ಮೀನಿನ ಲೆಕ್ಕ ನೋಡುತ್ತಾಳೆಂದರೆ ಜನ ಏರಿಯ ಮೇಲೆ ನಿಂತು ನೋಡುತ್ತಿದ್ದರಂತೆ. ಇದು ನಾನು ಕಣ್ಣಾರೆ ಕಂಡದ್ದಲ್ಲ. ನನ್ನ ಅಕ್ಕ ಬೆಟ್ಟಮ್ಮನನ್ನು ದಂಡಿಗನಹಳ್ಳಿಗೆ ಕೊಟ್ಟಿದೆ. ಅವಳ ಬಾಯಲ್ಲಿ ಕೇಳಿದ್ದು. ಆ ಊರಿನ ಕೆರೆಗೆ ಮೊದಲ ಬಾರಿ ಪ್ಲಾಸ್ಟಿಕ್ ಚೀಲಗಳಲ್ಲಿ ಮೀನುಮರಿ ಬಂದ ದಿನ ಪಂಚಾಯ್ತಿಯವರು ಹಾರ, ತೆಂಗಿನಕಾಯಿ, ಫೋಟೋದವನು ಎಲ್ಲವನ್ನೂ ಸಿದ್ಧಮಾಡಿಕೊಂಡು, ಚೀಲ ಬಿಚ್ಚಿ ಮರಿಗಳನ್ನು ಸುರಿಯಲು ತುದಿಗಾಲಲ್ಲಿ ನಿಂತಿದ್ದರು. ನೀಲಾಂಬಿಕೆಯವರು ಬಿಡಲಿಲ್ಲ. ಚೀಲದ ನೀರಿನ ಬಿಸಿಗೂ ಕೆರೆಯ ನೀರಿನ ಬಿಸಿಗೂ ಹೊಂದಿಕೆಯಾಗುವವರೆಗೆ ಚೀಲಗಳನ್ನು ಬಾಯಿ ಕಟ್ಟಿದಂತೆಯೇ ಕೆರೆಯಲ್ಲಿ ತೇಲಬಿಡಿಸಿ, ಅಧ್ಯಕ್ಷರನ್ನೂ ಸೇರಿಸಿ ಎಲ್ಲರನ್ನೂ ಮುಕ್ಕಾಲು ಗಂಟೆ ಬಿಸಿಲಲ್ಲಿ ಕೂರಿಸಿದರು. "ಅಧ್ಯಕ್ಷ್ರು ಬೆವರು ಒರೆಸ್ಕಂಡು ಒರೆಸ್ಕಂಡು ಟವಲ್ಲೇ ನೆಂದೋಯ್ತು ಕಣ್ಲಾ" ಎಂದು ಅಕ್ಕ ಈಗಲೂ ನಗುತ್ತಾಳೆ.

ಮುಂದೆ ಅರಕಲಗೂಡು ತಾಲ್ಲೂಕಿನ ಕೊಣನೂರಿನಲ್ಲಿ ಅವರು ಇದ್ದಾಗ ನಡೆದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಮ್ಮ ಕಥೆಯೆಲ್ಲ ಕೊನೆಗೆ ಅದರ ಮೇಲೆ ನಿಂತಿತು. ತಮ್ಮಯ್ಯನವರು ಅಲ್ಲಿ ಪಂಚಾಯ್ತಿಯ ನೀರುಗಂಟಿಯಾಗಿದ್ದರು. ಬೆಳಿಗ್ಗೆ ಊರಿಗೆಲ್ಲ ನೀರು ಬಿಟ್ಟ ಮೇಲೆ ಕಾವೇರಿಯ ದಂಡೆಯಲ್ಲಿ ಬಿದಿರುಕೋಲು ಹಿಡಿದು ಕೂರುವುದು ಅವರ ಒಂದೇ ಖುಷಿ. ಒಂದು ದಿನ ಗಾಳ ಅವರ ಹೆಬ್ಬೆರಳಿಗೇ ಚುಚ್ಚಿಕೊಂಡಿತು. ಗಾಳದ ತುದಿಯಲ್ಲಿ ಹಿಮ್ಮುಖವಾದ ಒಂದು ಸಣ್ಣ ಮುಳ್ಳಿರುತ್ತದೆ. ಹೊಕ್ಕಿದ್ದು ಅದರಿಂದಾಗಿ ವಾಪಸು ಬರುವುದಿಲ್ಲ. ಆ ದಾರಿಯಲ್ಲಿ ಬಂದ ನೀಲಾಂಬಿಕೆಯವರು ಇಕ್ಕಳದಿಂದ ಆ ಮುಳ್ಳನ್ನು ಅಮುಕಿ ಚಪ್ಪಟೆ ಮಾಡಿ, ಗಾಳವನ್ನು ಮೆಲ್ಲಗೆ ಹಿಂದಕ್ಕೆಳೆದು, ಬೆರಳಿಗೆ ಬಟ್ಟೆ ಕಟ್ಟಿ, ಸೂಜಿ ಹಾಕಿಸಿಕೊಳ್ಳಲು ಬಸ್ಸು ಹತ್ತಿಸಿದರು. ಅಂದಿನಿಂದ ತಮ್ಮಯ್ಯನವರು ಅಂಗಡಿಯಿಂದ ತಂದ ಪ್ರತಿಯೊಂದು ಗಾಳದ ಮುಳ್ಳನ್ನೂ ಕಲ್ಲಿನ ಮೇಲಿಟ್ಟು ಕುಟ್ಟಿ ನುಣ್ಣಗೆ ಮಾಡಿಯೇ ನೀರಿಗೆ ಹಾಕುತ್ತಿದ್ದರು. ಹಾಗೆ ಮಾಡಿದರೆ ಸಿಕ್ಕಿದ ಮೀನು ಜಾರಿಹೋಗುತ್ತದೆ ಎಂದು ಗಾಳ ಹಾಕುವ ಗೆಳೆಯರಾದ ನಾವೆಲ್ಲ ಅವರನ್ನು ಗೇಲಿ ಮಾಡುತ್ತಿದ್ದೆವು.

ಇನ್ನು ನನ್ನ ತಪ್ಪೊಪ್ಪಿಗೆಗೆ ಬರುತ್ತೇನೆ. ೨೦೧೮ರ ಜನವರಿಯಲ್ಲಿ, ನೀಲಾಂಬಿಕೆಯವರು ಹೊಳೆನರಸೀಪುರದಲ್ಲಿ ಸಹಾಯಕ ನಿರ್ದೇಶಕಿಯಾಗಿದ್ದಾಗ, ಸರ್ಕಾರದಿಂದ ಒಂದು ಕರಡು ನಿಯಮ ಬಂತು. ಹವ್ಯಾಸಕ್ಕಾಗಿ ಗಾಳ ಹಾಕುವವರಿಗೆ ತಿಂಗಳಿಗೆ ತಲಾ ನಾಲ್ಕು ಮೀನಿನ ಕೋಟಾ. ಹಿಡಿದು ವಾಪಸು ಬಿಟ್ಟ ಮೀನೂ ಕೋಟಾದೊಳಗೇ ಸೇರುತ್ತದೆ. ಗಾಳ ಹಾಕುವ ಪಾಸಿಗೆ ಹಾಸನಕ್ಕೇ ಹೋಗಬೇಕು. ಬಿಟ್ಟ ಮೀನೂ ಹೇಗಿದ್ದರೂ ಸಾಯುತ್ತದೆ ಎಂಬುದು ಸರ್ಕಾರದ ತರ್ಕ. ಆಕ್ಷೇಪಣೆಗೆ ಅರವತ್ತು ದಿನಗಳ ಗಡುವು. ನಮ್ಮ ಗಾಳಪ್ರಿಯರ ಬಳಗಕ್ಕೆ ಸಿಡಿಲು ಬಡಿದಂತಾಯಿತು. ನಾವು ಹಿಡಿದದ್ದರಲ್ಲಿ ಹತ್ತಕ್ಕೆ ಒಂಬತ್ತನ್ನು ನೀರಿಗೇ ಬಿಡುವವರು. ಈ ಲೆಕ್ಕದಲ್ಲಿ ಒಂದು ಬೆಳಗಿನಲ್ಲೇ ತಿಂಗಳ ಕೋಟಾ ಮುಗಿಯುತ್ತಿತ್ತು.

ಆ ಹೊತ್ತಿಗೆ ಕೆಲಸದಿಂದ ನಿವೃತ್ತರಾಗಿದ್ದ ತಮ್ಮಯ್ಯನವರು ಕೊಣನೂರಿನಿಂದ ಬಸ್ಸಿನಲ್ಲಿ ಬಂದು ನಮ್ಮ ಮನೆಯ ಜಗಲಿಯಲ್ಲಿ ಕೂತರು. "ಬುಟ್ಟ ಮೀನ್ನೂ ಲೆಕ್ಕುಕ್ಕೆ ಇಡೀತಾರಂತಲ್ಲ ಮೇಷ್ಟ್ರೇ. ಅಂಗಾರೆ ನಾನು ತಿಂಗ್ಳಲ್ಲಿ ಒಂದಿನ ಒಳೆ ತಾವ್ಕೋಗಿ, ಮಿಕ್ಕಿದ್ದಿನ ಗ್ವಾಡೆ ನೋಡ್ಕಂಡು ಕುಂತ್ಕಬೇಕಾ? ನೀವು ಓದ್ದೋರು, ಏನಾರ ಮಾಡಿ ಸಾ" ಎಂದರು. ಅವರ ದನಿ ಕೇಳಿ ನನ್ನ ರಕ್ತ ಕುದಿಯಿತು. ಕೂತ ಜಾಗದಲ್ಲೇ ಆಕ್ಷೇಪಣೆ ಬರೆದೆ. ನಾವು ಬಿಟ್ಟ ಮೀನುಗಳಲ್ಲಿ ನೂರಕ್ಕೆ ನೂರೂ ಬದುಕುತ್ತವೆ ಎಂದು ಒಂದು ಮೀನನ್ನೂ ಎಣಿಸದೆ ಬರೆದು, ನೀಲಾಂಬಿಕೆಯವರ ಕಚೇರಿಗೆ ಕೊಟ್ಟುಬಿಟ್ಟೆ.

ಇದನ್ನು ಲೋಕಕ್ಕೆ ತೋರಿಸಲು ಫೆಬ್ರವರಿ ಹನ್ನೊಂದರ ಭಾನುವಾರ ಹೇಮಾವತಿಯ ದಂಡೆಯಲ್ಲಿ ಪ್ರದರ್ಶನ ಏರ್ಪಡಿಸಿದೆವು. ಎಲ್ಲರೂ ಗಾಳ ಹಾಕಿ ಹಿಡಿಯುವುದು, ಪತ್ರಿಕೆಯವರ ಮುಂದೆ ಬಿಡುವುದು. ಬಿಡುಗಡೆಗೆ ಒಬ್ಬ ಮುಖ್ಯ ಅತಿಥಿ ಬೇಡವೇ? ಊರಿನ ಗಣ್ಯರೊಬ್ಬರನ್ನು ಕರೆದೆವು. ಎಂಟೂವರೆಗೆಲ್ಲ ಮೂವತ್ತೊಂದು ಮೀನು ಸಿಕ್ಕಿ ನೀಲಿ ಡ್ರಮ್ಮುಗಳನ್ನು ಸೇರಿದವು. ಹತ್ತಕ್ಕೆ ಬರಬೇಕಿದ್ದ ಅತಿಥಿಗಳು ಹನ್ನೊಂದಾದರೂ ಬರಲಿಲ್ಲ. ಡ್ರಮ್ಮಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನಾನು ಮೈಕಿನಲ್ಲಿ ಇನ್ನೇನು ಬಂದೇಬಿಟ್ಟರು ಎನ್ನುತ್ತಿದ್ದೆ. ಆಗ ಸ್ಕೂಟರಿನಲ್ಲಿ ಬಂದವರು ನೀಲಾಂಬಿಕೆಯವರು. ಡ್ರಮ್ಮಿನೊಳಗೆ ಇಣುಕಿದವರೇ ಸೆರಗು ಸಿಕ್ಕಿಸಿ, ಚಪ್ಪಲಿ ಬಿಟ್ಟು, "ಅತಿಥಿ ಬರೋವರ್ಗೂ ನೀವು ಕಾಯ್ತೀರಿ ಮೇಷ್ಟ್ರೇ, ಮೀನು ಕಾಯಲ್ಲ. ಎತ್ತಿ ಡ್ರಮ್ಮು" ಎಂದು ಮೊಣಕಾಲುದ್ದ ನೀರಿಗೆ ಇಳಿದರು. ಒಂದೊಂದನ್ನೇ ಎರಡೂ ಕೈಯಲ್ಲಿ ಹಿಡಿದು, ಹರಿವಿಗೆ ಮುಖಮಾಡಿಸಿ, ಅದು ತಾನಾಗಿ ಬಾಲ ಆಡಿಸುವವರೆಗೆ ಕಾದು ಬಿಟ್ಟರು. ಒಂಬತ್ತು ಮೀನು ಬಾಲ ಆಡಿಸಲೇ ಇಲ್ಲ.

ಅತಿಥಿಗಳು ಒಂದು ಗಂಟೆಗೆ ಬಂದರು. ಖಾಲಿ ಡ್ರಮ್ಮಿನ ಮುಂದೆ ಫೋಟೋ ತೆಗೆಸಿಕೊಂಡು ಹೋದರು. ಕಾರ್ಯಕ್ರಮ ಹಾಳಾಯಿತೆಂಬ ಸಿಟ್ಟು ನನ್ನ ನೆತ್ತಿಗೇರಿತ್ತು. ಮರುದಿನ ಇಪ್ಪತ್ತು ಜನರನ್ನು ಕಟ್ಟಿಕೊಂಡು ನೀಲಾಂಬಿಕೆಯವರ ಕಚೇರಿಗೆ ನುಗ್ಗಿದೆ, ಧಿಕ್ಕಾರ ಕೂಗಿಸಿದೆ. ಒಳಗೆ ಕರೆದು ಕೂರಲು ಹೇಳಿದರೂ ಕೂರದೆ, "ನಿಮ್ಗೇನು ಮೇಡಂ, ನಾಳೆ ಬಡ್ತಿ ಸಿಕ್ಕಿದ್ರೆ ಗಂಟುಮೂಟೆ ಕಟ್ಕೊಂಡು ಹೋಗ್ಬಿಡ್ತೀರಿ. ಹೊಳೆ ನಂಬಿಕೊಂಡು ಇಲ್ಲೇ ಇರೋರು ನಾವು" ಎಂದು ಬಾಯಿಗೆ ಬಂದಂತೆ ಅಂದೆ. ಅವರು ಮೇಜಿನ ಮೇಲಿದ್ದ ಯಾವುದೋ ಕಾಗದವನ್ನು ಮಗುಚಿಟ್ಟು, ನನ್ನ ಆಕ್ಷೇಪಣೆಯನ್ನು ಕೈಗೆತ್ತಿಕೊಂಡರು.

"ನೂರಕ್ಕೆ ನೂರು ಅಂತ ಬರೆದಿದೀರಿ. ನಿಮ್ಮ ಮಕ್ಳು ಲೆಕ್ಕದಲ್ಲಿ ಹಿಂಗೆ ಹಂತ ಬಿಟ್ಟು ಉತ್ತರ ಬರೆದ್ರೆ ಮಾರ್ಕ್ಸ್ ಕೊಡ್ತೀರಾ ಮೇಷ್ಟ್ರೇ?"

ನಾನು ಎದುರಿನ ಕುರ್ಚಿ ಎಳೆದುಕೊಂಡು ಕೂತೆ.

"ಸತ್ತ ಒಂಬತ್ತನ್ನೂ ಬರೀರಿ. ಯಾಕೆ ಸತ್ತವು, ಹೆಂಗೆ ಮಾಡಿದ್ರೆ ಸಾಯಲ್ಲ ಅಂತ ತೋರ್ಸಿ. ಆಗ ಈ ನಿಯಮ ತಪ್ಪು ಅಂತ ನಾನೇ ಶಿಫಾರಸು ಬರೀತೀನಿ. ಇನ್ನೂ ಐದು ಭಾನುವಾರ ಸಿಗ್ತವೆ. ಪ್ರತಿ ಭಾನುವಾರ ನಾನೇ ಬಂದು ಎಣಿಸಿ ಸಹಿ ಹಾಕ್ತೀನಿ."

ಧಿಕ್ಕಾರ ಕೂಗಿದವರೆಲ್ಲ ಹೊರಗೆ ಚಹಾ ಕುಡಿಯುತ್ತಿದ್ದರು. ಅವರಿಗೆ ಚಹಾ ಹೇಳಿದವರೂ ನೀಲಾಂಬಿಕೆಯವರೇ ಎಂದು ಆಮೇಲೆ ತಿಳಿಯಿತು.

ಮುಂದಿನ ಐದು ಭಾನುವಾರಗಳು ನನ್ನ ಬದುಕಿನ ದೊಡ್ಡ ಪಾಠಶಾಲೆ. ಹೊಳೆನರಸೀಪುರದಲ್ಲಿ ಮೂರು, ಕೊಣನೂರಿನಲ್ಲಿ ಒಂದು, ದಂಡಿಗನಹಳ್ಳಿ ಕೆರೆಯಲ್ಲಿ ಒಂದು ಭಾನುವಾರ. ಹಿಡಿದ ಮೀನನ್ನು ನೀರಿನಲ್ಲೇ ಕಟ್ಟಿದ ಬಲೆಯ ಆವರಣದಲ್ಲಿ ಒಂದು ಹಗಲು ಒಂದು ರಾತ್ರಿ ಬಿಟ್ಟು, ಬದುಕಿದ್ದೆಷ್ಟು ಎಂದು ಎಣಿಸಬೇಕು. ಮೊದಲ ಭಾನುವಾರ ಲೆಕ್ಕ ನೋಡುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಎಲ್ಲರದ್ದೂ ಒಂದೋ ಎರಡೋ ಸತ್ತಿದ್ದವು, ತಮ್ಮಯ್ಯನವರದು ಒಂದೂ ಸತ್ತಿರಲಿಲ್ಲ. ನೀಲಾಂಬಿಕೆಯವರು ಅವರ ಗಾಳವನ್ನು ಬಿಸಿಲಿಗೆ ಹಿಡಿದು ನೋಡಿದರು.

"ಮುಳ್ಳೇ ಇಲ್ವಲ್ಲ ತಮ್ಮಯ್ಯ?"

"ನೀವೇ ಅಲ್ವ್ರಾ ಅಮ್ಮೋರೆ ನನ್ ಬೆಳ್ಳಿಂದ ಕಿತ್ತಿದ್ದು. ನಂಗೇ ಅಷ್ಟು ನೋವಾಯ್ತು, ಅದ್ರ ಬಾಯಿ ಏನಾಗ್ಬ್ಯಾಡ. ಅವತ್ನಿಂದ ಕುಟ್ಟೇ ಆಕೋದು" ಎಂದರು ತಮ್ಮಯ್ಯ.

ಇಪ್ಪತ್ತು ವರ್ಷದ ಹಿಂದಿನ ಆ ಹೆಬ್ಬೆರಳು ನೀಲಾಂಬಿಕೆಯವರಿಗೆ ಮರೆತೇಹೋಗಿತ್ತು. ಆ ಕ್ಷಣದಲ್ಲಿ ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ನೋಡದವನಂತೆ ಪುಸ್ತಕದಲ್ಲಿ ಗೆರೆ ಎಳೆಯುತ್ತ ಕೂತೆ. ಮುಂದಿನ ವಾರದಿಂದ ಎಲ್ಲರೂ ಗಾಳದ ಮುಳ್ಳು ಕುಟ್ಟಿದೆವು, ಒದ್ದೆ ಕೈಯಲ್ಲೇ ಮೀನು ಮುಟ್ಟಿದೆವು, ಡ್ರಮ್ಮುಗಳನ್ನು ಮನೆಗೆ ಕಳಿಸಿದೆವು. ಉಳಿದ ನಾಲ್ಕು ಭಾನುವಾರಗಳಲ್ಲಿ ಹಿಡಿದ ನೂರ ಎಂಬತ್ತಾರು ಮೀನುಗಳಲ್ಲಿ ಸತ್ತದ್ದು ಮೂರು. ಆ ಮೂರನ್ನೂ, ಡ್ರಮ್ಮಿನ ಒಂಬತ್ತನ್ನೂ, ಮೊದಲ ಭಾನುವಾರ ಸತ್ತವನ್ನೂ ಬಿಡದೆ ಬರೆದು, ಗಡುವಿಗೆ ನಾಲ್ಕು ದಿನ ಮೊದಲು ಹೊಸ ಆಕ್ಷೇಪಣೆ ಸಲ್ಲಿಸಿದೆವು. ನೀಲಾಂಬಿಕೆಯವರು ಕೊಟ್ಟ ಮಾತಿನಂತೆ ಏಳು ಪುಟಗಳ ಶಿಫಾರಸು ಬರೆದರು.

ಅಂತಿಮ ಆದೇಶದಲ್ಲಿ, ಮುಳ್ಳಿಲ್ಲದ ಗಾಳದಲ್ಲಿ ಹಿಡಿದು ಬಿಟ್ಟ ಮೀನು ಕೋಟಾಕ್ಕೆ ಸೇರುವುದಿಲ್ಲವೆಂದಾಯಿತು. ಪಾಸು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲೇ ಸಿಗುವಂತಾಯಿತು. ಮೊಟ್ಟೆಯಿಡುವ ಕಾಲವಾದ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳ ಮುಟ್ಟುವುದಿಲ್ಲವೆಂದು ನಾವೂ ಒಪ್ಪಿ ಬರೆದುಕೊಟ್ಟೆವು. ಆ ಮೂರು ತಿಂಗಳು ಬಿಟ್ಟರೆ ಕೊಣನೂರಿನಲ್ಲಿ ತಮ್ಮಯ್ಯನವರು ಇವತ್ತಿಗೂ ಪ್ರತಿದಿನ ಹೊಳೆಗೆ ಹೋಗುತ್ತಾರೆ.

ಇಲ್ಲಿಗೆ ಲೇಖನ ಮುಗಿಸಬೇಕೆಂದಿದ್ದೆ. ದಿನಾಂಕಗಳನ್ನು ಸರಿನೋಡಿಕೊಳ್ಳಲೆಂದು ರೂಪಶ್ರೀಯವರಿಂದ ಮೇಡಂ ಅವರ ಸೇವಾವಿವರದ ಪ್ರತಿ ತರಿಸಿಕೊಂಡೆ. ಅದರಲ್ಲಿ ಎರಡು ಸಾಲುಗಳಿದ್ದವು. '೧೨-೨-೨೦೧೮: ಉಪನಿರ್ದೇಶಕರ ಹುದ್ದೆಗೆ ಬಡ್ತಿ ಆದೇಶ ಸ್ವೀಕೃತಿ, ಏಳು ದಿನಗಳೊಳಗೆ ವರದಿ ಮಾಡಿಕೊಳ್ಳುವುದು. ೧೩-೨-೨೦೧೮: ಕ್ಷೇತ್ರಪರೀಕ್ಷೆ ಮುಗಿಸಬೇಕಾಗಿರುವ ಕಾರಣ ಬಡ್ತಿ ಬೇಡವೆಂದು ಬರೆದುಕೊಟ್ಟಿರುತ್ತಾರೆ.'

ಹನ್ನೆರಡನೆಯ ತಾರೀಖು ಸೋಮವಾರ. ನಾನು ಧಿಕ್ಕಾರ ಕೂಗಿಸಿದ ದಿನ. ಬಡ್ತಿ ಸಿಕ್ಕಿದರೆ ಗಂಟುಮೂಟೆ ಕಟ್ಟಿಕೊಂಡು ಹೋಗುತ್ತೀರಿ ಎಂದು ನಾನು ಕೂಗುತ್ತಿದ್ದಾಗ ಅವರು ಮಗುಚಿಟ್ಟ ಕಾಗದ ಅದೇ. ಅವರು ಹೋಗಿದ್ದರೆ ನಮ್ಮ ಐದು ಭಾನುವಾರಗಳಿಗೆ ಸಹಿ ಹಾಕುವವರೇ ಇರುತ್ತಿರಲಿಲ್ಲ. ಅದಾದ ಮೇಲೆ ಅವರಿಗೆ ಬಡ್ತಿ ಬರಲಿಲ್ಲ. ಅದೇ ಹುದ್ದೆಯಲ್ಲಿ ಈ ವರ್ಷ ಮೇ ಮೂವತ್ತೊಂದಕ್ಕೆ ನಿವೃತ್ತರಾದರು. ಈ ಏಳು ವರ್ಷಗಳಲ್ಲಿ ಎಷ್ಟು ಸಲ ಎದುರುಬದುರು ಕೂತು ಚಹಾ ಕುಡಿದಿದ್ದೇವೆ, ಒಂದು ದಿನವೂ ಅವರು ಈ ಮಾತೆತ್ತಲಿಲ್ಲ.

ಆ ಪ್ರತಿ ಹಿಡಿದುಕೊಂಡು ಅವರ ಮನೆಗೆ ಹೋದೆ. ಆ ಎರಡು ಸಾಲುಗಳ ಮೇಲೆ ಬೆರಳಿಟ್ಟು ಅವರ ಮುಂದೆ ಹಿಡಿದೆ. ಕಾಗದ ನೋಡಿ ನೀಲಾಂಬಿಕೆಯವರು ನಕ್ಕುಬಿಟ್ಟರು.

"ಅಯ್ಯೋ ಬಿಡಿ ಮೇಷ್ಟ್ರೇ. ಅವ್ರು ಹಾಕಿದ್ದ ಜಾಗದಲ್ಲಿ ಹೊಳೇನೇ ಇರ್ಲಿಲ್ಲ. ಬರೀ ಫೈಲು."

ಇಷ್ಟು ವರ್ಷ ಅವರು ಗಾಳ ಹಿಡಿದವರಲ್ಲ. ತಪಾಸಣೆ ಮಾಡುವವರು ಹಿಡಿಯಬಾರದು ಎಂಬುದು ಅವರ ನಿಷ್ಠೆ. ನಿವೃತ್ತರಾದ ಮರುವಾರವೇ ಪಾಸು ಮಾಡಿಸಿಕೊಂಡರು, ನಿಯಮದಂತೆ ಮೂರು ತಿಂಗಳು ಕಾದರು. ಸೆಪ್ಟೆಂಬರಿನ ಮೊದಲ ಭಾನುವಾರ, ತಮ್ಮಯ್ಯನವರು ತಾವೇ ಕಡಿದು ಹದ ಮಾಡಿದ ಬಿದಿರುಕೋಲನ್ನು ಅವರ ಕೈಗಿತ್ತರು. ಮಧ್ಯಾಹ್ನದವರೆಗೆ ಕೂತರೂ ಒಂದು ಮೀನೂ ಕಚ್ಚಲಿಲ್ಲ. ಅವರಷ್ಟು ಸಂತೋಷವಾಗಿದ್ದವರು ಅಂದು ಕೊಣನೂರಿನ ದಂಡೆಯಲ್ಲಿ ಇನ್ನೊಬ್ಬರಿರಲಿಲ್ಲ.

ಶ್ರೀಮತಿ ನೀಲಾಂಬಿಕೆಯವರಿಗೆ ದೀರ್ಘಾಯುಷ್ಯವೂ ಗಟ್ಟಿಮುಟ್ಟಾದ ಆರೋಗ್ಯವೂ ಇರಲಿ. ನಮ್ಮ ಬಳಗದ ಹೊಸ ಸದಸ್ಯರಿಗೆ ಗಾಳದ ಮುಳ್ಳು ಕುಟ್ಟುವುದನ್ನು ಅವರು ಇನ್ನೂ ಬಹುಕಾಲ ಕಲಿಸಲಿ. ಅವರ ಪಾಸನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಅವರು ಬರುವುದು ಬೇಡ. ಪ್ರತಿ ವರ್ಷ ಆ ಕಚೇರಿಯ ಮುಂದೆ ಅವರ ಪರವಾಗಿ ಸಾಲಿನಲ್ಲಿ ನಾನು ನಿಲ್ಲುತ್ತೇನೆ, ಬಾಯಿ ಮುಚ್ಚಿಕೊಂಡು.

— ಕಾಂತರಾಜು, ಹೊಳೆನರಸೀಪುರ