ಇಂಪಿಯ ಹುಸಿ ಜವುಗು

ಇಂಪಿ ಕೆಲ್ಲೊಕುಂಪು ರೇಡಿಯೋದ ಹವಾಮಾನದವನ ಜೊತೆ ಜಗಳ ಶುರು ಮಾಡಿದ್ದು ಜನವರಿಯಲ್ಲಿ. ನಾಳೆ ಮಳೆ ಅಂದುಬಿಟ್ಟನಲ್ಲ ಆ ಪುಣ್ಯಾತ್ಮ! ಭೂಮಿಯ ಉತ್ತರದ ತುದಿಗಿರುವ ನಮ್ಮ ಹೌಕಿವಾರಾದಲ್ಲಿ ಜನವರಿ ಅಂದರೆ ಮೂಗಿನೊಳಗಿನ ಕೂದಲು ಸೆಟೆದು ನಿಲ್ಲಬೇಕು, ಹಿಮ ಸೊಂಟದವರೆಗೆ ಬಿದ್ದು ನೆಲವನ್ನು ಬೆಚ್ಚಗೆ ಹೊದಿಸಿ ಮಲಗಿಸಬೇಕು. ಅದು ಬಿಟ್ಟು ಮಳೆ ಸುರಿದು, ಹಿಮ ಕರಗಿ, ಮರುದಿನವೇ ಅದೆಲ್ಲ ಗಾಜಿನಂತೆ ನೆಲಕ್ಕೆ ಅಂಟಿಕೊಂಡರೆ ಅದರಡಿಯ ಜವುಗುನೆಲದಲ್ಲಿ ಮಲಗಿದ ಹಿಲ್ಲ ಹಣ್ಣಿನ ಗಿಡದ ಮೊಗ್ಗು ಉಸಿರಾಡುವುದಾದರೂ ಹೇಗೆ? "ನಿನ್ನ ತಲೆ!" ಎಂದು ಇಂಪಿ ರೇಡಿಯೋದ ಕಿವಿ ತಿರುಚಿದಳು.

ಅಲ್ಲಿಗೆ ಮುಗಿಯಿತೇ? ಇಲ್ಲ. ಮೇ ತಿಂಗಳಲ್ಲಿ ಒಂದು ವಾರ ಅಂಗಿ ಬಿಚ್ಚಿ ಕೂರುವಂಥ ಸೆಕೆ. ಬುದ್ಧಿಯಿಲ್ಲದ ಹಿಲ್ಲ ಗಿಡಗಳು ಬೇಸಿಗೆ ಬಂದೇಬಿಟ್ಟಿತು ಅಂದುಕೊಂಡು ಹದಿನೈದು ದಿನ ಮುಂಚೆಯೇ ಬೆಳ್ಳಗೆ ಅರಳಿ ನಿಂತವು. ಜೂನ್ ಎಂಟಕ್ಕೆ ಕಡುಚಳಿ ಬಡಿಯಿತು. ಉಳಿದ ನಾಲ್ಕು ಹೂವಿಗೆ ದುಂಬಿಯಾದರೂ ಬರಬೇಡವೇ? ಹಿಲ್ಲದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ದುಂಬಿ ಓಡಾಡದಿದ್ದರೆ ಸಂಸಾರವೇ ಇಲ್ಲ. ಆಮೇಲೆ ಹತ್ತು ದಿನ ಬಿಡದೆ ಜಡಿಮಳೆ. ಯಾವ ದುಂಬಿ ತಾನೇ ಮನೆಬಿಟ್ಟು ಹೊರಡುತ್ತದೆ?

ಬೇರೆ ವರ್ಷವಾಗಿದ್ದರೆ ಇಂಪಿ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದಳು. ಈ ವರ್ಷ ಹಾಗಲ್ಲ. ಮಾರ್ಚಿನಲ್ಲಿ ಅವಳ ಗಂಡ ತೌನೋಗೆ ಲಕ್ವ ಹೊಡೆದಿತ್ತು. ಬಲಗೈ ಬಿದ್ದುಹೋಯಿತು, ಮಾತು ಒಡೆದುಹೋಯಿತು, ಊಟದ ಮೇಲಿನ ಆಸೆ ಸತ್ತೇಹೋಯಿತು. ಮೀನಿನ ಸಾರು ಕೊಟ್ಟರೆ ಮುಖ ತಿರುಗಿಸುತ್ತಿದ್ದ, ಗಂಜಿ ಕೊಟ್ಟರೆ ಉಗುಳುತ್ತಿದ್ದ. ಕೆಂಡದಲ್ಲಿ ಸುಟ್ಟ ಗಿಣ್ಣನ್ನು ಬಿಸಿ ಕಾಫಿಯಲ್ಲಿ ನೆನೆಸಿ ಮೇಲೆ ಹಿಲ್ಲ ಹಣ್ಣು ಸುರಿದುಕೊಟ್ಟರೆ ಮಾತ್ರ ಬಾಯಿ ತೆರೆಯುತ್ತಿದ್ದ. ಹೋದ ವರ್ಷವೂ ಬೆಳೆ ಕೈಕೊಟ್ಟಿದ್ದರಿಂದ ಕೊನೆಯ ಸೀಸೆ ಜೂನಿನಲ್ಲೇ ಖಾಲಿಯಾಯಿತು. ಪೇಟೆಯಲ್ಲಿ ವಿಚಾರಿಸಿದರೆ ಅಲ್ಲೂ ಇಲ್ಲ. ವಾರಕ್ಕೊಮ್ಮೆ ತೂಕ ನೋಡಲು ಬರುವ ನರ್ಸ್ ಕಡ್ಡಿ ಮುರಿದಂತೆ ಹೇಳಿದ್ದಳು: ಇನ್ನೆರಡು ಕಿಲೋ ಇಳಿದರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ.

"ತಿನ್ನೋ ಮಹರಾಯ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಇಂಪಿ ಚಮಚ ಹಿಡಿದು ಗೋಗರೆಯುತ್ತಿದ್ದಳು. ಆಮೇಲೆ ಸಿಟ್ಟು ಬಂದು ಚಮಚ ಬಿಸಾಡುತ್ತಿದ್ದಳು. ಆಮೇಲೆ ಅಡುಗೆಮನೆಗೆ ಹೋಗಿ ಅಳುತ್ತಿದ್ದಳು.

ಎಪ್ಪತ್ತಮೂರು ವರ್ಷದ ಹೆಂಗಸು. ಮೂವತ್ತಾರು ವರ್ಷ ಈ ಸೀಮೆಯ ಮನೆಮನೆಗೆ ಅಂಚೆ ಹಂಚಿದವಳು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮಗ ಕಾಗದ ಬರೆಯುವುದಿಲ್ಲ ಎಲ್ಲ ಗೊತ್ತು. ಆದರೆ ಯಾರು ಎಲ್ಲಿ ಹಿಲ್ಲ ಕೀಳುತ್ತಾರೆ ಎಂಬುದು ಅವಳಿಗೂ ಗೊತ್ತಿಲ್ಲ. ನಮ್ಮ ಕಾನೂನಿನ ಪ್ರಕಾರ ಯಾರು ಯಾವ ಕಾಡಿನಲ್ಲಾದರೂ ಹಣ್ಣು ಕೀಳಬಹುದು. ಅದಕ್ಕೇ ಎಲ್ಲರೂ ಬಾಯಿ ಹೊಲಿದುಕೊಂಡಿರುವುದು. ಹಣ್ಣಿನ ಬಕೆಟ್ಟಿಗೆ ಬಟ್ಟೆ ಮುಚ್ಚಿಯೇ ಊರೊಳಗೆ ಬರಬೇಕು, ಇನ್ನೊಬ್ಬರ ಬಕೆಟ್ಟಿಗೆ ಇಣುಕುವುದು ಬಚ್ಚಲುಮನೆಗೆ ಇಣುಕಿದಷ್ಟೇ ನಾಚಿಕೆಗೇಡು. ಇಂಪಿಗೆ ಅವಳ ತಾಯಿ ಹತ್ತೊಂಬತ್ತನೇ ವಯಸ್ಸಿನಲ್ಲಿ ಬಯಲು ಜವುಗೊಂದನ್ನು ತೋರಿಸಿ ಆಣೆ ಹಾಕಿಸಿಕೊಂಡಿದ್ದಳು. ಆ ಜಾಗವನ್ನು ಇಂಪಿ ಕಟ್ಟಿಕೊಂಡ ಗಂಡನಿಗೂ ಹೇಳಲಿಲ್ಲ. ತೌನೋ ಕೇಳಲೂ ಇಲ್ಲ. ಅದು ಮರ್ಯಾದೆ.

ತೊಡಕಾದದ್ದು ಇಪ್ಪತ್ತೆರಡು ವರ್ಷದ ಹಿಂದೆ, ಸೈಮಿ ಎಂಬ ವಿಧವೆ ಪಕ್ಕದ ಮನೆಗೆ ಬಂದಾಗ. ಅವಳ ಅಡುಗೆಮನೆಯ ಕಿಟಕಿ ಸೀದಾ ಇಂಪಿಯ ಅಂಗಳಕ್ಕೇ ತೆರೆಯುತ್ತದೆ. ಕಣ್ಣು ಹದ್ದಿನದು. ಇಂಪಿ ಒಂದು ಉಪಾಯ ಹೂಡಿದಳು. ಜುಲೈ ಕೊನೆಗೆ ಬಕೆಟ್ಟನ್ನು ಢಣಢಣ ಬಡಿಯುತ್ತ, ಸೈಮಿಯ ಕಿಟಕಿಯ ಮುಂದೆಯೇ ಹಾದು, ವಿದ್ಯುತ್ ಕಂಬಗಳ ಹಿಂದಿನ ಮರಗತ್ತಲ ಜವುಗಿಗೆ ಹೋಗುವುದು. ಅಲ್ಲಿ ಬರೀ ಸ್ಪ್ರೂಸ್ ಮರ, ಪಾಚಿ, ಸೊಳ್ಳೆ. ಅಂಥ ಕಡೆ ಎಲೆ ಬಿಟ್ಟರೆ ಮತ್ತೇನೂ ಸಿಗದು ಎಂದು ತಾಯಿ ಹೇಳಿದ್ದಳು. ಅಂಚಿನಲ್ಲೇ ಒಂದು ದಿಮ್ಮಿಯ ಮೇಲೆ ಕೂತು ಕಾಫಿ ಕುಡಿದು, ಬಕೆಟ್ಟಿಗೆ ಸೊಪ್ಪು ತುಂಬಿ, ಬಟ್ಟೆ ಮುಚ್ಚಿಕೊಂಡು ವಾಪಸು. ಮಧ್ಯಾಹ್ನ ಸೈಮಿ ಆ ಕಡೆಗೇ ಬಕೆಟ್ ಹಿಡಿದು ಹೊರಡುವುದನ್ನು ಪರದೆ ಸಂದಿಯಿಂದ ನೋಡಿ, "ಹೋಗು ತಾಯಿ, ಸೊಳ್ಳೆಗೆ ಊಟ ಹಾಕಿ ಬಾ," ಎಂದು ಇಂಪಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ತನ್ನ ನಿಜವಾದ ಜವುಗಿಗೆ ಮರುದಿನ ಹಿಂಬಾಗಿಲಿನಿಂದ ಜಾರಿಕೊಳ್ಳುತ್ತಿದ್ದಳು.

ಈ ವರ್ಷ ನಾಟಕಕ್ಕೆ ಪುರುಸೊತ್ತಿರಲಿಲ್ಲ. ನರ್ಸ್ ತೌನೋನ ಪಕ್ಕ ಕೂತಿದ್ದ ಬೆಳಿಗ್ಗೆ ಇಂಪಿ ನೇರ ತಾಯಿಯ ಜವುಗಿಗೇ ಹೋದಳು. ಕಣ್ಣು ಹಾಯುವಷ್ಟು ದೂರ ಎಲೆ. ಬಗ್ಗಿ ಬಗ್ಗಿ ಹುಡುಕಿದಳು. ಕರಿದ ಹಾಗೆ ಕಂದಿದ ಹೂವಿನ ತೊಟ್ಟು, ಅಷ್ಟೇ. ಒಂದೇ ಒಂದು ಹಣ್ಣಿಲ್ಲ.

"ಐವತ್ತನಾಲ್ಕು ವರ್ಷ ನಿನ್ನ ಕಾಪಾಡಿದೆ, ಒಂದು ಬಟ್ಟಲಿಗೂ ಗತಿಯಿಲ್ವಾ ನಿನಗೆ?" ಎಂದು ಬಕೆಟ್ಟನ್ನು ಜಾಡಿಸಿ ಒದ್ದಳು. ಮಂಡಿ ಕಳಕ್ ಎಂದಿತು. ಕುಂಟುತ್ತ ಸುತ್ತುದಾರಿ ಹಿಡಿಯಲಾರದೆ, ಕಂಬಗಳ ಹಿಂದಿನ ಮರಗತ್ತಲ ಜವುಗನ್ನೇ ಅಡ್ಡ ಹಾಯ್ದು ಮನೆಗೆ ಹೋಗೋಣ ಎಂದು ಹೊರಟಳು. ಆ ಜವುಗಿನ ಒಳಕ್ಕೆ ಅವಳು ಕಾಲಿಟ್ಟದ್ದು ಅದೇ ಮೊದಲು.

ನಟ್ಟನಡುವೆ ಸೈಮಿ ಮಂಡಿಯೂರಿ ಕೂತಿದ್ದಳು. ಪಕ್ಕದ ಬಕೆಟ್ಟಿನ ಬಟ್ಟೆ ಸರಿದಿತ್ತು. ಕಂಠಮಟ್ಟ ಜೇನಿನ ಬಣ್ಣದ ಹಿಲ್ಲ.

ಇಂಪಿಯನ್ನು ನೋಡಿದ್ದೇ ಸೈಮಿಯ ಮುಖ ಕೆಂಪಾಯಿತು. "ಬೈಬೇಡ ಕಣೇ. ಕದೀತಿದೀನಿ ಅಂತ ನನಗೂ ಗೊತ್ತು. ಆದ್ರೆ ನಿನ್ನ ಪಾಲು ಮುಟ್ಟಿಲ್ಲ, ದೇವರಾಣೆ. ಆ ಬಿದ್ದ ಮರದಿಂದ ಆಚೆ ನೋಡು, ಎಡಗಡೆ ಅರ್ಧ ಪೂರ್ತಿ ನಿಂದು. ಯಾವತ್ತೂ ಮುಟ್ಟಿಲ್ಲ."

ಇಂಪಿ ನೋಡಿದಳು. ಬಿದ್ದ ಮರದ ಆಚೆ ನೆಲವೇ ಕಾಣದಷ್ಟು ಹಣ್ಣು.

"ಕಡುಚಳಿ ಬಿತ್ತಲ್ಲೇ..." ಎಂದು ತೊದಲಿದಳು.

"ಬಯಲಿಗೆ ಬಿತ್ತು. ಇಲ್ಲಿ ಮರಗಳು ಕೊಡೆ ಹಿಡಿದಿವೆ, ಹೂವೂ ಮಳೆ ನಿಂತಮೇಲೆ ತಡವಾಗಿ ಅರಳಿತು. ಈಚೆಗೆ ಬಯಲು ಜವುಗು ಕೈಕೊಟ್ಟ ವರ್ಷ ಎಲ್ಲ ಇಲ್ಲೇ ಚೆನ್ನಾಗಿ ಬರುತ್ತೆ. ನಿನಗೆ ಗೊತ್ತಿಲ್ಲದ್ದಾ? ಆದ್ರೂ ಪ್ರತಿ ವರ್ಷ ನಿನ್ನ ಭಾಗ ಹಾಗೇ ಕೊಳೆತು ಹೋಗೋದು. ನಾನು ಕದ್ದೆ ಅನ್ನೋ ಸಿಟ್ಟಿಗೆ ಇವಳು ಮುಟ್ತಿಲ್ಲ ಅಂದ್ಕೊಂಡೆ."

ಇಂಪಿ ಪಾಚಿಯ ಮೇಲೆ ದೊಪ್ಪನೆ ಕೂತಳು. ಸುಳ್ಳು ಹೇಳಬಹುದಿತ್ತು. ಆದರೆ ಇಷ್ಟು ವರ್ಷ ಪರದೆಯ ಹಿಂದೆ ನಕ್ಕಿದ್ದೆಲ್ಲ ಒಟ್ಟಿಗೆ ನೆನಪಾಯಿತು. "ಇದು ನನ್ನ ಜವುಗಲ್ಲ ಸೈಮಿ. ನಿನ್ನ ದಾರಿ ತಪ್ಪಿಸೋಕೆ ಬರ್ತಿದ್ದೆ. ಬಕೆಟ್ಟಿನಲ್ಲಿ ಇರ್ತಿದ್ದಿದ್ದು ಸೊಪ್ಪು."

ಸೈಮಿ ದಡಕ್ಕನೆ ಎದ್ದು ನಿಂತಳು.

"ಅಯ್ಯೋ ನಿನ್ನ ಮನೆ ಹಾಳಾಗ! ಇಪ್ಪತ್ತೆರಡು ವರ್ಷ! ಇಪ್ಪತ್ತೆರಡು ವರ್ಷ ಚರ್ಚಿನಲ್ಲಿ ನಿನ್ನ ಹಿಂದೆ ಕಳ್ಳಿ ಥರ ತಲೆ ತಗ್ಗಿಸಿ ಕೂತಿದೀನಲ್ಲೇ! ಮಾಡಿದ ಜಾಮ್ ಯಾರಿಗೂ ತೋರಿಸದೆ ಒಬ್ಬಳೇ ತಿಂದಿದೀನಲ್ಲೇ!" ಕೈಯಲ್ಲಿದ್ದ ಹಣ್ಣನ್ನು ಇಂಪಿಯ ಮುಖಕ್ಕೇ ಎಸೆದಳು. "ಏಳು. ಒಂದು ಹಣ್ಣು ಮುಟ್ಟಿದ್ರೆ ನೋಡು. ಹೋಗು ನಿನ್ನ ಜವುಗಿಗೇ."

"ಅಲ್ಲೇನೂ ಇಲ್ಲ. ಹೋಗಿ ಬಂದೆ." ಇಂಪಿ ಕೆನ್ನೆಗಂಟಿದ ಹಣ್ಣನ್ನು ಒರೆಸಿಕೊಂಡಳು. "ಎಲ್ಲ ನೀನೇ ಇಟ್ಕೋ. ಒಂದು ಬಟ್ಟಲು ಕೊಡು. ತೌನೋ ಏನೂ ತಿಂತಿಲ್ಲ. ಇದೊಂದು ಬಿಟ್ರೆ ಏನೂ ನುಂಗಲ್ಲ. ಮೂಗಿಗೆ ನಳಿಗೆ ಹಾಕ್ತಾರಂತೆ."

ಸೈಮಿ ತನ್ನ ಬಕೆಟ್ಟನ್ನು ಇಂಪಿಯ ಮುಂದೆ ಕುಕ್ಕಿದಳು. ಆಮೇಲೆ ಮತ್ತಷ್ಟು ಜೋರಾಗಿ ಕಿರುಚಿದಳು. "ಅದನ್ನ ಮೊದಲೇ ಬೊಗಳೋಕೆ ಏನಾಗಿತ್ತು ನಿನಗೆ ರೋಗ? ನಡುವೆ ಇರೋದು ಒಂದು ಬೇಲಿ! ಹೋಗು, ಎಡಗಡೆ ಕಿತ್ಕೋ. ಬಲಗಡೇದು ನಾನು ಕಿತ್ತಿದ್ದೂ ತಗೊಂಡು ಹೋಗು."

ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ, ಒಬ್ಬರನ್ನೊಬ್ಬರು ಬೈಯುತ್ತಲೇ ಮಧ್ಯಾಹ್ನದವರೆಗೆ ಕಿತ್ತರು.

ಆವತ್ತು ಇಂಪಿ ಗಿಣ್ಣು ಸುಟ್ಟು, ಕಾಫಿ ಸುರಿದು, ಮೇಲೆ ಹಿಲ್ಲ ಹಾಕಿ ಗಂಡನ ಮುಂದಿಟ್ಟಳು. ತೌನೋ ಮೊದಲ ಚಮಚವನ್ನು ಬಾಯಲ್ಲೇ ಬಹಳ ಹೊತ್ತು ಇಟ್ಟುಕೊಂಡ. ನುಂಗಿದ. ಎರಡನೆಯದು, ಮೂರನೆಯದು, ಹೀಗೆ ಬಟ್ಟಲು ಮುಗಿಯುವವರೆಗೆ. ಆಮೇಲೆ ಸೊಟ್ಟ ತುಟಿಯನ್ನು ಕಷ್ಟಪಟ್ಟು ಕೂಡಿಸಿ ಕೇಳಿದ. "ಎ... ಎಲ್ಲಿಂದ?"

"ಕಂಬದ ಹಿಂದಿನ ಜವುಗಿಂದ," ಎಂದಳು ಇಂಪಿ. "ಸೈಮಿಯ ಜವುಗು."

ತೌನೋ ಎಡಗೈಯಿಂದ ಖಾಲಿ ಬಟ್ಟಲನ್ನು ಅವಳ ಕಡೆಗೆ ತಳ್ಳಿದ.